ಬಣ್ಣದ ಹುಚ್ಚಿನ ಡಾಕ್ಟರು ಪಾಲ್ ಎರ್ಲಿಕ್

ಸುವರ್ಣ ಮಹೋತ್ಸವದ ಸಂಚಿಕೆಗೆ ಯಾರಾದರೊಬ್ಬ ದೊಡ್ಡವರ ಜೀವನಚರಿತ್ರೆ ಬರೆದುಕೊಡಬೇಕೆಂದು ಸಮಿತಿಯವರು ಕೇಳಿದಾಗ ಗಾಂಧೀಜಿ, ವಿಶ್ವೇಶ್ವರಯ್ಯ, ಕುವೆಂಪು ಎಲ್ಲರೂ ಆಗಲೇ ಹಂಚಿಹೋಗಿದ್ದರು. ನನಗೆ ಅದರಿಂದ ಬೇಸರವಾಗಲಿಲ್ಲ. ನಾನು ಬರೆಯಬೇಕೆಂದಿದ್ದ ಮನುಷ್ಯ ಪಟ್ಟಿಯಲ್ಲಿ ಇರಲೇ ಇಲ್ಲ. ಆತ ಜರ್ಮನಿಯ ವೈದ್ಯ, ಹೆಸರು ಪಾಲ್ ಎರ್ಲಿಕ್. ತೀರಿಕೊಂಡು ನೂರು ವರ್ಷದ ಮೇಲಾಯಿತು. ಸಕಲೇಶಪುರ, ಆಲೂರಿನ ಕಡೆಗೆ ಬಂದವನಲ್ಲ. ಆದರೂ ನಮ್ಮೂರಿನ ಯಾವ ಮನೆಯ ಟ್ರಂಕಿನಲ್ಲಿ ಹುಡುಕಿದರೂ ಆತನ ಕೆಲಸದ ಗುರುತು ಒಂದು ಕಾಗದದ ಮೇಲಾದರೂ ಸಿಗುತ್ತದೆ. ರಕ್ತಪರೀಕ್ಷೆಯ ಚೀಟಿಯಲ್ಲಿ ಟಿಸಿ, ಡಿಸಿ ಎಂದು ಬರೆದಿರುತ್ತಾರಲ್ಲ, ಅದರಲ್ಲಿ ಡಿಸಿ ಎನ್ನುವುದು ಆತನ ಕೊಡುಗೆ. ಮಳೆಗಾಲದಲ್ಲಿ ಕೆಮ್ಮು ದಮ್ಮು ಶುರುವಾದರೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಬರುವ ‘ಇಸ್ನೋಫೀಲಿಯಾ’ ಎಂಬ ಪದದ ಬೇರೂ ಆತನದೇ.

ಎರ್ಲಿಕ್ ಹುಟ್ಟಿದ್ದು 1854ರ ಮಾರ್ಚ್ 14ರಂದು, ಸೈಲೀಸಿಯಾ ಪ್ರಾಂತದ ಸ್ಟ್ರೇಲೆನ್ ಎಂಬ ಸಣ್ಣ ಊರಿನಲ್ಲಿ. ಅದು ಆಗ ಪ್ರಷ್ಯಾಕ್ಕೆ ಸೇರಿತ್ತು, ಈಗ ಪೋಲೆಂಡಿನಲ್ಲಿದೆ. ಯಹೂದಿ ಮನೆತನ. ತಂದೆ ಮದ್ಯ ತಯಾರಿಸುವ ಕಸುಬಿನ ಜೊತೆಗೆ ಒಂದು ವಸತಿಗೃಹವನ್ನೂ ನಡೆಸುತ್ತಿದ್ದರು. ತಾಯಿಯ ಕಡೆಯ ಸಂಬಂಧದಲ್ಲಿ ಕಾರ್ಲ್ ವೈಗರ್ಟ್ ಎಂಬ ಅಣ್ಣನೊಬ್ಬನಿದ್ದ, ಒಂಬತ್ತು ವರ್ಷ ದೊಡ್ಡವನು, ಆತನೂ ವೈದ್ಯ. ಸೂಕ್ಷ್ಮದರ್ಶಕದಡಿ ಇಡುವ ಅಂಗಾಂಶದ ತೆಳು ಚೂರುಗಳಿಗೆ ಬಣ್ಣ ಹಾಕಿ ನೋಡುವ ವಿದ್ಯೆಯನ್ನು ಹುಡುಗ ಪಾಲ್ ಕಲಿತದ್ದು ಈ ಅಣ್ಣನಿಂದ.

ಬಣ್ಣ ಎಂದರೆ ಆ ಕಾಲದಲ್ಲಿ ಇಂದಿನ ಕಂಪ್ಯೂಟರ್ ಇದ್ದ ಹಾಗೆ. 1856ರಲ್ಲಿ ಲಂಡನ್ನಿನ ಪರ್ಕಿನ್ ಎಂಬ 18 ವರ್ಷದ ಹುಡುಗ ಡಾಂಬರಿನಿಂದ ಕ್ವಿನೈನ್ ಮಾಡಲು ಹೋಗಿ ನೇರಳೆ ಬಣ್ಣ ಮಾಡಿಬಿಟ್ಟಿದ್ದ. ಅಲ್ಲಿಂದ ಮುಂದೆ ಜರ್ಮನಿಯ ಕಾರ್ಖಾನೆಗಳಲ್ಲಿ ವರ್ಷಕ್ಕೆ ಹತ್ತಾರು ಹೊಸ ಬಣ್ಣಗಳು ಹುಟ್ಟಿದವು. ಬಟ್ಟೆಗೆಂದು ಮಾಡಿದ ಈ ಬಣ್ಣಗಳನ್ನು ಜೀವಕೋಶಕ್ಕೆ ಹಾಕಿದರೆ ಏನಾಗುತ್ತದೆ ಎಂದು ನೋಡುವವರು ಕೆಲವರೇ ಇದ್ದರು.

ಶಾಲೆಯಲ್ಲಿ ಎರ್ಲಿಕ್ ಬುದ್ಧಿವಂತನೇ, ಆದರೆ ಪರೀಕ್ಷೆ ಎಂದರೆ ಆಗುತ್ತಿರಲಿಲ್ಲ. ಲ್ಯಾಟಿನ್ ಮತ್ತು ಗಣಿತ ಇಷ್ಟ, ಪ್ರಬಂಧ ಬರೆಯುವುದು ಕಷ್ಟ. ಬದುಕು ಒಂದು ಕನಸು ಎಂಬ ವಿಷಯದ ಮೇಲೆ ಪ್ರಬಂಧ ಬರೆಯಲು ಕೊಟ್ಟಾಗ, ಬದುಕೆಂದರೆ ಆಮ್ಲಜನಕದ ಜೊತೆ ನಡೆಯುವ ರಾಸಾಯನಿಕ ಕ್ರಿಯೆ, ಕನಸೆಂದರೆ ಮಿದುಳಿನಲ್ಲಿ ಮಿನುಗುವ ಒಂದು ಬಗೆಯ ಬೆಳಕು ಎಂಬರ್ಥದಲ್ಲಿ ಬರೆದು ಮೇಷ್ಟ್ರ ಸಿಟ್ಟಿಗೆ ಗುರಿಯಾದನಂತೆ. ಈ ಕಥೆ ಅವನ ಜೀವನಚರಿತ್ರೆಗಳಲ್ಲೆಲ್ಲ ಬರುತ್ತದೆ. ನಮ್ಮ ಕನ್ನಡ ಮೇಷ್ಟ್ರ ಕೈಗೆ ಅಂಥ ಪ್ರಬಂಧ ಕೊಟ್ಟಿದ್ದರೆ ಏನಾಗುತ್ತಿತ್ತು ಎಂಬುದನ್ನು ನನ್ನ ಸಹಪಾಠಿಗಳ ಊಹೆಗೇ ಬಿಡುತ್ತೇನೆ.

ವೈದ್ಯಕೀಯ ಓದಲು ಬ್ರೆಸ್ಲಾವ್, ಸ್ಟ್ರಾಸ್‌ಬರ್ಗ್, ಫ್ರೈಬರ್ಗ್, ಲೈಪ್‌ಜಿಗ್ ಹೀಗೆ ಊರಿಂದ ಊರಿಗೆ ಅಲೆದ. ಸ್ಟ್ರಾಸ್‌ಬರ್ಗಿನಲ್ಲಿ ಅಂಗರಚನಾಶಾಸ್ತ್ರದ ಪ್ರಾಧ್ಯಾಪಕ ವಾಲ್ಡೆಯರ್ ಅವರು ತರಗತಿಯಲ್ಲಿ ಓಡಾಡುವಾಗ ಒಬ್ಬ ಹುಡುಗನ ಮೇಜು ಮಾತ್ರ ಕೆಂಪು ನೀಲಿ ಹಳದಿ ಕಲೆಗಳಿಂದ ತುಂಬಿರುವುದನ್ನು ಕಂಡರು. ಆತ ಪಾಠದ ಪ್ರಕಾರ ಕೆಲಸ ಮಾಡದೆ ತನ್ನಷ್ಟಕ್ಕೆ ಬಣ್ಣಗಳ ಪ್ರಯೋಗ ಮಾಡುತ್ತಿದ್ದ. ಅವರು ಗದರದೆ ಅವನ ಪಾಡಿಗೆ ಬಿಟ್ಟರು. ಬೇರೆಯವರಾಗಿದ್ದರೆ ಮೇಜು ತೊಳೆಸುತ್ತಿದ್ದರು. ವಿದ್ಯಾರ್ಥಿಯ ಹುಚ್ಚನ್ನು ಗುರುತಿಸಿ ಸುಮ್ಮನಿರುವುದೂ ಒಂದು ಪಾಠವೇ ಎಂದು ನನಗನ್ನಿಸುತ್ತದೆ. ಆ ದೃಷ್ಟಿಯಿಂದ ವಾಲ್ಡೆಯರ್ ದೊಡ್ಡ ಮೇಷ್ಟ್ರು.

1878ರಲ್ಲಿ ಎರ್ಲಿಕ್ ಬರೆದ ಪದವಿ ಪ್ರಬಂಧವೂ ಬಣ್ಣಗಳ ಮೇಲೆಯೇ. ಅದರಲ್ಲಿ ಮಾಸ್ಟ್ ಕೋಶ ಎಂಬ ಹೊಸ ಜೀವಕೋಶವನ್ನು ತೋರಿಸಿಕೊಟ್ಟ. ಆಮೇಲೆ ಬರ್ಲಿನ್ನಿನ ಷಾರಿಟೆ ಆಸ್ಪತ್ರೆ ಸೇರಿ ರಕ್ತದ ಮೇಲೆ ಕೈ ಇಟ್ಟ. ಗಾಜಿನ ಮೇಲೆ ರಕ್ತದ ತೆಳು ಪದರ ಹರಡಿ, ಕಾಯಿಸಿ ಒಣಗಿಸಿ, ಒಂದು ಆಮ್ಲೀಯ ಬಣ್ಣ ಮತ್ತು ಒಂದು ಕ್ಷಾರೀಯ ಬಣ್ಣ ಹಾಕಿದರೆ, ಅಲ್ಲಿಯವರೆಗೆ ಎಲ್ಲವೂ ಒಂದೇ ಎಂದುಕೊಂಡಿದ್ದ ಬಿಳಿ ರಕ್ತಕಣಗಳು ಬೇರೆ ಬೇರೆ ಜಾತಿಗಳಾಗಿ ಕಾಣತೊಡಗಿದವು. ಇಯೋಸಿನ್ ಎಂಬ ಕೆಂಪು ಬಣ್ಣವನ್ನು ಪ್ರೀತಿಯಿಂದ ಹಿಡಿದುಕೊಂಡ ಕಣಕ್ಕೆ ಇಯೋಸಿನೋಫಿಲ್ ಎಂದು ಹೆಸರಿಟ್ಟ. ಅದೇ ನಮ್ಮ ಬಾಯಲ್ಲಿ ಇಸ್ನೋಫೀಲಿಯಾ ಆದದ್ದು. ಯಾವ ಜಾತಿಯ ಕಣ ನೂರಕ್ಕೆ ಎಷ್ಟಿದೆ ಎಂದು ಎಣಿಸುವುದೇ ಡಿಸಿ.

1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ರಾಬರ್ಟ್ ಕಾಖ್ ಕ್ಷಯದ ರೋಗಾಣುವನ್ನು ಕಂಡುಹಿಡಿದದ್ದನ್ನು ಪ್ರಕಟಿಸಿದರು. ಸಭೆಯಲ್ಲಿ ಎರ್ಲಿಕ್ ಇದ್ದ. ಮನೆಗೆ ಹೋದವನೇ ಆ ರೋಗಾಣುವಿಗೆ ಇನ್ನೂ ಚೆನ್ನಾಗಿ ಬಣ್ಣ ಹಿಡಿಸುವ ದಾರಿ ಹುಡುಕಿದ. ಆ ರೋಗಾಣು ಒಮ್ಮೆ ಬಣ್ಣ ಹಿಡಿದರೆ ಆಮ್ಲದಲ್ಲಿ ತೊಳೆದರೂ ಬಿಡುವುದಿಲ್ಲ ಎಂದು ಕಂಡುಕೊಂಡ. ಇಂದಿಗೂ ತಾಲ್ಲೂಕು ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ನಡೆಯುವುದು ಈ ತತ್ವದ ಮೇಲೆಯೇ. ವಿಧಿಯ ಆಟ ನೋಡಿ, ಕೆಲವು ವರ್ಷದ ಮೇಲೆ ಎರ್ಲಿಕ್ ತನ್ನ ಕಫವನ್ನೇ ಆ ಬಣ್ಣ ಹಾಕಿ ನೋಡಿಕೊಂಡಾಗ ಅದೇ ರೋಗಾಣು ಕಂಡಿತು. ಆಗ ಮದುವೆಯಾಗಿ ಇಬ್ಬರು ಹೆಣ್ಣುಮಕ್ಕಳಿದ್ದರು. ಅವನ ಬೆನ್ನಿಗೆ ನಿಂತಿದ್ದ ಹಿರಿಯ ವೈದ್ಯರು ತೀರಿಕೊಂಡು, ಹೊಸದಾಗಿ ಬಂದ ಮೇಲಧಿಕಾರಿಗೆ ಈ ಬಣ್ಣದ ಕೆಲಸ ಹಿಡಿಸದೆ, ಆಸ್ಪತ್ರೆಯ ಕೆಲಸ ಆಗಲೇ ಸಾಕಾಗಿಹೋಗಿತ್ತು. ಕ್ಷಯಕ್ಕೆ ಔಷಧವೇ ಇಲ್ಲದ ಕಾಲ. ಹೆಂಡತಿ ಹೆಡ್ವಿಗ್ ಜೊತೆ ಒಣ ಹವೆಯ ಈಜಿಪ್ಟಿಗೆ ಹೋಗಿ ಇದ್ದು, 1889ರಲ್ಲಿ ಗುಣಮುಖನಾಗಿ ಮರಳಿದ. ಬಂದಾಗ ಕೆಲಸವಿಲ್ಲ. ಬರ್ಲಿನ್ನಿನಲ್ಲಿ ಸಣ್ಣದೊಂದು ಖಾಸಗಿ ಪ್ರಯೋಗಾಲಯ ಮಾಡಿಕೊಂಡು ಕುಳಿತ.

ಮಲೆನಾಡಿನವರಿಗೆ ಹತ್ತಿರವಾದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ನಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ ಈ ಬೆಟ್ಟಗಳಲ್ಲಿ ಚಳಿಜ್ವರ, ಅಂದರೆ ಮಲೇರಿಯಾ, ಎಷ್ಟು ಮನೆಗಳ ದೀಪ ಆರಿಸಿತೆಂದು ಹಿರಿಯರಿಗೆ ಗೊತ್ತು. ಬಯಲುಸೀಮೆಯವರು ಮಲೆನಾಡಿಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಿದ್ದರಂತೆ. ಮಿಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಮಲೇರಿಯಾದ ರೋಗಾಣುವಿಗೆ ಚೆನ್ನಾಗಿ ಹಿಡಿಯುವುದನ್ನು ಎರ್ಲಿಕ್ ಗಮನಿಸಿದ್ದ. ಹಿಡಿಯುವ ಬಣ್ಣ ಕೊಲ್ಲಲೂಬಹುದಲ್ಲ ಎಂದುಕೊಂಡು 1891ರಲ್ಲಿ ಇಬ್ಬರು ರೋಗಿಗಳಿಗೆ ಕೊಟ್ಟು ನೋಡಿದ. ಇಬ್ಬರೂ ಚೇತರಿಸಿಕೊಂಡರು. ಕ್ವಿನೈನಿನಷ್ಟು ಬಲವಾದ ಮದ್ದು ಅದಾಗಲಿಲ್ಲ, ನಿಜ. ಆದರೆ ಕಾರ್ಖಾನೆಯಲ್ಲಿ ಮಾಡಿದ ರಾಸಾಯನಿಕವೊಂದನ್ನು ರೋಗಾಣುವಿನ ಮೇಲೆ ಗುರಿಯಿಟ್ಟು ಬಿಟ್ಟ ಮೊದಲ ಪ್ರಯತ್ನಗಳಲ್ಲಿ ಅದೊಂದು.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಅದು ಗುಲಗಂಜಿಯ ಕಥೆ.

ಕಾಖ್ ಅವರು ಎರ್ಲಿಕ್‌ನನ್ನು ತಮ್ಮ ಸಂಸ್ಥೆಗೆ ಕರೆದುಕೊಂಡರು. ಸಂಬಳ ಇಲ್ಲ, ಜಾಗ ಮಾತ್ರ ಇದೆ. ಅಲ್ಲಿ ಎಮಿಲ್ ಬೇರಿಂಗ್ ಮತ್ತು ಜಪಾನಿನಿಂದ ಬಂದ ಕಿತಾಸಾಟೋ 1890ರಲ್ಲಿ ಒಂದು ಅದ್ಭುತ ಕಂಡುಹಿಡಿದಿದ್ದರು. ರೋಗದ ವಿಷವನ್ನು ಸ್ವಲ್ಪಸ್ವಲ್ಪವಾಗಿ ಚುಚ್ಚಿದ ಪ್ರಾಣಿಯ ರಕ್ತದ ತಿಳಿಯನ್ನು ಇನ್ನೊಂದು ಪ್ರಾಣಿಗೆ ಕೊಟ್ಟರೆ ಅದಕ್ಕೂ ಆ ವಿಷ ತಟ್ಟುವುದಿಲ್ಲ. ರಕ್ತದಲ್ಲಿ ಏನೋ ಒಂದು ಹುಟ್ಟಿಕೊಂಡಿದೆ. ಅದೇನು, ಎಷ್ಟು, ಎಷ್ಟು ದಿನ ಇರುತ್ತದೆ? ಎರ್ಲಿಕ್‌ಗೆ ಅಳತೆ ಇಲ್ಲದ ಮಾತು ರುಚಿಸುತ್ತಿರಲಿಲ್ಲ. ರೋಗಾಣುಗಳ ವಿಷ ದಿನಕ್ಕೊಂದು ತರ ಇರುತ್ತದೆ, ಅಳೆಯಲು ಕಷ್ಟ. ಆದ್ದರಿಂದ ಸ್ಥಿರವಾಗಿ ಇರುವ ಎರಡು ಸಸ್ಯವಿಷಗಳನ್ನು ಆರಿಸಿಕೊಂಡ. ಒಂದು ಹರಳು ಬೀಜದ ರಿಸಿನ್. ಇನ್ನೊಂದು ಗುಲಗಂಜಿಯ ಆಬ್ರಿನ್. ಅಕ್ಕಸಾಲಿಗರು ಬಂಗಾರ ತೂಗುತ್ತಿದ್ದ, ನಾವು ಬೇಲಿಯಿಂದ ಕಿತ್ತು ಜೇಬಿನಲ್ಲಿ ತುಂಬಿಕೊಂಡು ಮನೆಯಲ್ಲಿ ಬೈಸಿಕೊಳ್ಳುತ್ತಿದ್ದ ಅದೇ ಕೆಂಪು ಕಪ್ಪು ಗುಲಗಂಜಿ. ಅದನ್ನು ಬಾಯಿಗೆ ಹಾಕಬೇಡಿ ಎಂದು ಹಿರಿಯರು ಹೇಳುತ್ತಿದ್ದುದಕ್ಕೆ ಕಾರಣ ಈ ಆಬ್ರಿನ್.

ಎರ್ಲಿಕ್ ಇಲಿಮರಿಯಂಥ ಬಿಳಿ ಇಲಿಗಳಿಗೆ ತಿಂಡಿಯ ಚೂರಿನಲ್ಲಿ ರಿಸಿನ್ ಬೆರೆಸಿ, ಸಾಯದಷ್ಟು ಕಡಿಮೆ ಪ್ರಮಾಣದಲ್ಲಿ ಕೊಡುತ್ತಾ ಹೋದ. ಮೊದಲ ಕೆಲವು ದಿನ ಏನೂ ಬದಲಾವಣೆ ಇಲ್ಲ. ಸುಮಾರು ಆರನೆಯ ದಿನ ಇದ್ದಕ್ಕಿದ್ದಂತೆ ರಕ್ಷಣೆ ಕಾಣಿಸಿಕೊಂಡಿತು. ಅಲ್ಲಿಂದ ಪ್ರಮಾಣ ಏರಿಸುತ್ತಾ ಹೋದರೆ, ಬೇರೆ ಇಲಿಯನ್ನು ಕೊಲ್ಲುವ ವಿಷದ ನೂರಾರು ಪಟ್ಟನ್ನೂ ಈ ಇಲಿ ತಡೆದುಕೊಳ್ಳುತ್ತಿತ್ತು. ಆದರೆ ಹರಳಿನ ವಿಷಕ್ಕೆ ಹದಗೊಂಡ ಇಲಿಗೆ ಗುಲಗಂಜಿಯ ವಿಷ ಕೊಟ್ಟರೆ ಸತ್ತುಹೋಗುತ್ತಿತ್ತು. ಗುಲಗಂಜಿಗೆ ಹದಗೊಂಡದ್ದು ಹರಳಿಗೆ ಸಾಯುತ್ತಿತ್ತು. ಎರಡೂ ಬೀಜದ ವಿಷಗಳು ದೇಹದಲ್ಲಿ ಮಾಡುವ ಹಾನಿ ಹೆಚ್ಚುಕಡಿಮೆ ಒಂದೇ ತೆರನಾದರೂ ರಕ್ತದಲ್ಲಿ ಹುಟ್ಟಿದ ಕಾವಲುಗಾರ ಒಬ್ಬನನ್ನೇ ಗುರುತಿಸುತ್ತಾನೆ, ಇನ್ನೊಬ್ಬನನ್ನು ಬಿಟ್ಟುಬಿಡುತ್ತಾನೆ. 1891ರಲ್ಲಿ ಈ ಪ್ರಯೋಗಗಳನ್ನು ಪ್ರಕಟಿಸುವಾಗ ಎರ್ಲಿಕ್ ಬಳಸಿದ ಜರ್ಮನ್ ಪದವೇ ಇಂದು ಲೋಕವೆಲ್ಲ ಹೇಳುವ ಆಂಟಿಬಾಡಿ, ನಮ್ಮ ಪಠ್ಯಪುಸ್ತಕದ ಪ್ರತಿಕಾಯ. ತಾಯಿ ಇಲಿಯ ಹಾಲಿನ ಮೂಲಕ ಈ ರಕ್ಷಣೆ ಮರಿಗೆ ಹೋಗುತ್ತದೆ ಎಂಬುದನ್ನೂ, ಹದಗೊಂಡ ತಾಯಿಯ ಮರಿಗಳನ್ನು ಬೇರೆ ತಾಯಿಯ ಹತ್ತಿರ ಅದಲುಬದಲು ಮಾಡಿ, ಅವನೇ ತೋರಿಸಿಕೊಟ್ಟ.

ಬೇರಿಂಗ್ ಕಂಡುಹಿಡಿದ ಡಿಫ್ತೀರಿಯಾ ಮದ್ದು, ಅಂದರೆ ಗಂಟಲುಮಾರಿಯ ಮದ್ದು, ಜನರಿಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಎರ್ಲಿಕ್‌ನಿಂದ. ಮಕ್ಕಳ ಗಂಟಲಲ್ಲಿ ಪೊರೆ ಕಟ್ಟಿ ಉಸಿರುಗಟ್ಟಿಸುವ ಆ ರೋಗಕ್ಕೆ ಕುದುರೆಯ ರಕ್ತದಿಂದ ಮದ್ದು ತೆಗೆಯುತ್ತಿದ್ದರು. ಒಂದು ಸೀಸೆಯದ್ದು ಗುಣ ಮಾಡಿದರೆ ಇನ್ನೊಂದು ಸೀಸೆಯದ್ದು ನೀರಿನಂತೆ. ಎರ್ಲಿಕ್ ಕುದುರೆಗಳನ್ನು ಹದಗೊಳಿಸುವ ಕ್ರಮವನ್ನು ಸರಿಪಡಿಸಿದ. ಆಮೇಲೆ 250 ಗ್ರಾಂ ತೂಕದ ಗಿನಿಯಿಲಿಯನ್ನು ತಕ್ಕಡಿಯ ಬಟ್ಟಿನಂತೆ ಬಳಸಿ ಮದ್ದಿನ ಶಕ್ತಿ ಅಳೆಯುವ ವಿಧಾನ ಕಟ್ಟಿ, 1897ರಲ್ಲಿ ಪ್ರಕಟಿಸಿದ. ಒಣಗಿಸಿ, ಗಾಳಿ ಇಲ್ಲದ ಗಾಜಿನ ನಳಿಗೆಯಲ್ಲಿ ಮುಚ್ಚಿಟ್ಟ ಮೂಲಮದ್ದನ್ನು ಅಳತೆಗೋಲಾಗಿ ಇಟ್ಟ. ಔಷಧಕ್ಕೆ ‘ಯೂನಿಟ್’ ಎಂಬ ಲೆಕ್ಕ ಬಂದದ್ದು ಹೀಗೆ. ಇನ್ಸುಲಿನ್ ಚುಚ್ಚಿಕೊಳ್ಳುವವರು ಇಂದಿಗೂ ಅಳತೆಯನ್ನು ಯೂನಿಟ್ಟಿನಲ್ಲೇ ಹೇಳುತ್ತಾರೆ.

ಹಣ ಮತ್ತು ಹೆಸರು ಮಾತ್ರ ಬೇರಿಂಗ್‌ಗೆ ಹೋಯಿತು. 1901ರ ಮೊತ್ತಮೊದಲ ವೈದ್ಯಕೀಯ ನೊಬೆಲ್ ಅವರೊಬ್ಬರಿಗೇ ಬಂತು. ಇಬ್ಬರ ಗೆಳೆತನ ಮುರಿಯಿತು. ಎರ್ಲಿಕ್‌ನ ಪಾಲಿಗೆ ಇನ್ನೊಂದು ಗೋಡೆಯೂ ಇತ್ತು. ಮತ ಬದಲಾಯಿಸಲು ಒಪ್ಪದ ಯಹೂದಿಗೆ ಅಂದಿನ ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ಪೂರ್ಣ ಪ್ರಾಧ್ಯಾಪಕ ಹುದ್ದೆ ಸುಲಭವಾಗಿ ಸಿಗುತ್ತಿರಲಿಲ್ಲ. ಆತನಿಗೆ ಅದು ಸಿಕ್ಕಿದ್ದು 1914ರಲ್ಲಿ, ಫ್ರಾಂಕ್‌ಫರ್ಟಿನಲ್ಲಿ ಹೊಸ ವಿಶ್ವವಿದ್ಯಾಲಯ ತೆರೆದಾಗ, ಸಾಯುವ ಹಿಂದಿನ ವರ್ಷ.

ಪ್ರತಿಕಾಯ ಹೇಗೆ ಹುಟ್ಟುತ್ತದೆ ಎಂಬುದಕ್ಕೆ ಎರ್ಲಿಕ್ ಒಂದು ಚಿತ್ರ ಕೊಟ್ಟ. ಜೀವಕೋಶದ ಮೈಮೇಲೆ ಕೊಂಡಿಗಳಿವೆ. ಬೀಗಕ್ಕೆ ಕೀಲಿ ಕೂರುವಂತೆ ವಿಷ ಒಂದೊಂದು ಕೊಂಡಿಗೆ ಕೂರುತ್ತದೆ. ಕೊಂಡಿ ಕಳೆದುಕೊಂಡ ಕೋಶ ಅಗತ್ಯಕ್ಕಿಂತ ಹೆಚ್ಚಾಗಿ ಅದೇ ಕೊಂಡಿಯನ್ನು ಮಾಡಿ ರಕ್ತಕ್ಕೆ ಚೆಲ್ಲುತ್ತದೆ. ಹೀಗೆ ಚೆಲ್ಲಿದ ಕೊಂಡಿಗಳೇ ಪ್ರತಿಕಾಯ. ಇದಕ್ಕಾಗಿ ಆತ ಬಿಡಿಸುತ್ತಿದ್ದ ಚಿತ್ರಗಳನ್ನು ಕಂಡು ನಕ್ಕವರೂ ಇದ್ದರು. ವಿವರಗಳಲ್ಲಿ ಹಲವು ತಪ್ಪೆಂದು ಮುಂದೆ ತಿಳಿಯಿತು, ಆದರೆ ಬೀಗ ಕೀಲಿಯ ಹೊಂದಾಣಿಕೆ ನಿಂತಿತು. 1908ರಲ್ಲಿ ಎರ್ಲಿಕ್‌ಗೂ ರಷ್ಯಾದ ಮೆಚ್ನಿಕಾಫ್‌ಗೂ ಸೇರಿ ನೊಬೆಲ್ ಬಂತು.

ಇಷ್ಟು ದೂರದ ಮನುಷ್ಯನ ಬೆನ್ನು ನಾನು ಹತ್ತಿದ್ದು ಹೇಗೆ ಎಂದು ಓದುಗರು ಕೇಳಬಹುದು. ಆಲೂರಿನ ಕಡೆಯಲ್ಲಿರುವ ನಮ್ಮ ದೊಡ್ಡಮ್ಮನಿಗೆ ಕೆಲವು ವರ್ಷಗಳ ಹಿಂದೆ ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಾಣಿಸಿತು. ಹೇಳಿಕೊಳ್ಳಲು ನಾಚಿಕೆಪಟ್ಟು ಆರು ತಿಂಗಳು ಕಳೆದರು. ಕೊನೆಗೆ ಬೆಂಗಳೂರಿಗೆ ಕರೆತಂದಾಗ ಗರ್ಭಕೋಶದ ಕೊರಳಿನಿಂದ ಸಣ್ಣ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಬಿಇ ಓದಿದವನು ಎಂಬ ಒಂದೇ ಕಾರಣಕ್ಕೆ ವರದಿ ಓದುವ ಕೆಲಸ ನನ್ನ ಪಾಲಿಗೆ ಬಂತು. ಸಾಫ್ಟ್‌ವೇರ್‌ನವನಿಗೆ ಅದರಲ್ಲಿ ಏನು ಅರ್ಥವಾಗಬೇಕು? ಅದರಲ್ಲಿ ಪಿ16 ಎಂಬ ಒಂದು ಪದವಿತ್ತು. ಆ ಪದದ ಹಿಂದೆ ಹೋದವನಿಗೆ ಎರ್ಲಿಕ್ ಸಿಕ್ಕಿದ.

ನಮ್ಮ ಜೀವಕೋಶ ಒಂದು ಎರಡಾಗಬೇಕಾದರೆ ನಾಲ್ಕು ಹಂತ ದಾಟಬೇಕು. ಅದನ್ನೇ ಕೋಶಚಕ್ರ ಎನ್ನುತ್ತಾರೆ. ಮುಂದಕ್ಕೆ ತಳ್ಳುವ ಪ್ರೋಟೀನುಗಳಿವೆ, ತಡೆಯುವ ಪ್ರೋಟೀನುಗಳಿವೆ. 1993ರಲ್ಲಿ ಗೊತ್ತಾದ ಪಿ16 ಎನ್ನುವುದು ತಡೆಯುವ ಜಾತಿಯದು, ಬ್ರೇಕ್ ಎನ್ನಿ. ಸಾಮಾನ್ಯ ಕೋಶದಲ್ಲಿ ಅದು ಇದ್ದೂ ಇಲ್ಲದಂತೆ ಇರುತ್ತದೆ. ಗರ್ಭಕೋಶದ ಕೊರಳಿನ ಕ್ಯಾನ್ಸರಿಗೆ ಮುಖ್ಯ ಕಾರಣ ಎಚ್‌ಪಿವಿ ಎಂಬ ವೈರಸ್. ಅದು ಕೋಶದೊಳಗೆ ನೆಲೆಯೂರಿ ಪಿ16ಕ್ಕಿಂತ ಮುಂದಿನ ಕೊಂಡಿಯಾದ ಇನ್ನೊಂದು ತಡೆ ಪ್ರೋಟೀನನ್ನು ಹಾಳುಗೆಡವುತ್ತದೆ. ಶಿರಾಡಿ ಘಾಟಿಯಲ್ಲಿ ಇಳಿಯುವ ಲಾರಿಯ ಬ್ರೇಕಿನ ಪೈಪ್ ಕಿತ್ತುಹೋದರೆ ಡ್ರೈವರ್ ಏನು ಮಾಡುತ್ತಾನೆ? ಪೆಡಲನ್ನು ಒತ್ತುತ್ತಾನೆ, ಮತ್ತೆ ಒತ್ತುತ್ತಾನೆ, ಪೂರ್ತಿ ಒತ್ತುತ್ತಾನೆ. ಗಾಡಿ ಮಾತ್ರ ನಿಲ್ಲುವುದಿಲ್ಲ. ಕೋಶವೂ ಹಾಗೆಯೇ ಪಿ16 ಅನ್ನು ಮಾಡುತ್ತಲೇ ಹೋಗುತ್ತದೆ, ವಿಭಜನೆ ಮಾತ್ರ ನಿಲ್ಲುವುದಿಲ್ಲ. ಹಾಗಾಗಿ ಕೋಶದ ತುಂಬ ಪಿ16 ಕಂಡರೆ ಬ್ರೇಕಿನ ಪೈಪ್ ಕಿತ್ತಿದೆ ಎಂದು ವೈದ್ಯರು ಊಹಿಸಬಹುದು.

ಕಾಣುವುದು ಹೇಗೆ? ಇಲ್ಲಿ ಬೇಕು ಪ್ರತಿಕಾಯ. ಗುಲಗಂಜಿಯ ವಿಷವನ್ನು ಮಾತ್ರ ಗುರುತಿಸಿ ಹರಳಿನದನ್ನು ಬಿಟ್ಟಂತೆ, ಪಿ16 ಅನ್ನು ಮಾತ್ರ ಹಿಡಿದು ಉಳಿದ ಸಾವಿರಾರು ಪ್ರೋಟೀನುಗಳನ್ನು ಬಿಡುವ ಪ್ರತಿಕಾಯ. ಪ್ರಾಣಿಯ ರಕ್ತದಲ್ಲಿ ಹುಟ್ಟುವುದು ಹಲವು ಬಗೆಯ ಪ್ರತಿಕಾಯಗಳ ಬೆರಕೆ. 1975ರಲ್ಲಿ ಕೇಂಬ್ರಿಜ್‌ನಲ್ಲಿ ಮಿಲ್‌ಸ್ಟೈನ್ ಮತ್ತು ಕೋಹ್ಲರ್ ಎಂಬುವರು ಪ್ರತಿಕಾಯ ಮಾಡುವ ಇಲಿಯ ಕೋಶವನ್ನು ಸಾವಿಲ್ಲದ ಕ್ಯಾನ್ಸರ್ ಕೋಶದೊಂದಿಗೆ ಬೆಸೆದು, ಒಂದೇ ಬಗೆಯ ಪ್ರತಿಕಾಯವನ್ನು ಎಷ್ಟು ಬೇಕಾದರೂ ಮಾಡುವ ದಾರಿ ತೋರಿಸಿದರು. ಅದಕ್ಕೂ ಮೊದಲು, 1941ರಲ್ಲಿ, ಅಮೆರಿಕದ ಆಲ್ಬರ್ಟ್ ಕೂನ್ಸ್ ಪ್ರತಿಕಾಯಕ್ಕೆ ಹೊಳೆಯುವ ಬಣ್ಣ ಅಂಟಿಸಿ ಸೂಕ್ಷ್ಮದರ್ಶಕದಡಿ ನೋಡಿದ್ದರು. ಎರ್ಲಿಕ್ ತನ್ನ ಅರ್ಧ ಆಯುಷ್ಯ ಬಣ್ಣಕ್ಕೆ ಕೊಟ್ಟ, ಇನ್ನರ್ಧ ಪ್ರತಿಕಾಯಕ್ಕೆ ಕೊಟ್ಟ. ಎರಡನ್ನೂ ಒಂದಕ್ಕೊಂದು ಅಂಟಿಸುವ ಕೆಲಸ ಅವನು ಸತ್ತು 26 ವರ್ಷದ ಮೇಲೆ ಆಯಿತು.

ದೊಡ್ಡಮ್ಮನ ಚೂರಿನಲ್ಲಿ ಮೊದಲ ನೋಟಕ್ಕೆ ಅನುಮಾನವಿತ್ತು. ವಯಸ್ಸಾದ ಹೆಂಗಸರಲ್ಲಿ ಆ ಪದರ ಸವೆದು ತೆಳುವಾದಾಗ ಅದು ಕೆಟ್ಟ ಕೋಶದಂತೆಯೇ ಕಾಣುತ್ತದೆಯಂತೆ. ಸವೆದದ್ದೋ, ಕೆಟ್ಟದ್ದೋ? ಆಗ ಪಿ16 ಪ್ರತಿಕಾಯ ಹಾಕಿದರು. ಬರೀ ಸವೆತವಾಗಿದ್ದರೆ ಬಣ್ಣ ಬರುತ್ತಿರಲಿಲ್ಲ, ಬಂದರೂ ಅಲ್ಲೊಂದು ಇಲ್ಲೊಂದು ಕಡೆ. ಇಲ್ಲಿ ತಳದಿಂದ ಮೇಲಿನವರೆಗೆ ಬಿಡುವಿಲ್ಲದೆ ಕಂದು ಬಣ್ಣ ಬಂದಿತ್ತು. ಕ್ಯಾನ್ಸರ್ ಇನ್ನೂ ಆಗಿರಲಿಲ್ಲ, ಹೊಸ್ತಿಲಲ್ಲಿತ್ತು. ಆ ಭಾಗವನ್ನಷ್ಟೇ ತೆಗೆದರು. ಈಗ ದೊಡ್ಡಮ್ಮ ಕಾಫಿ ಕುಯಿಲಿನ ಆಳುಗಳಿಗೆ ಜೋರು ಮಾಡಿಕೊಂಡು ಚೆನ್ನಾಗಿದ್ದಾರೆ. ಅಂಥ ಗಾಜಿನ ಮೇಲೆ ಕಂದು ಬಣ್ಣದ ಹಿಂದೆ ಉಳಿದ ಕೋಶಗಳ ಬೀಜಗಳು ನೀಲಿಯಾಗಿ ಕಾಣಬೇಕಲ್ಲ, ಅದಕ್ಕೆ ಹಾಕುವ ಹೆಮಟಾಕ್ಸಿಲಿನ್ ಒಂದು ಮರದ ಚೆಕ್ಕೆಯ ಬಣ್ಣ. ಅದನ್ನು ಕೆಡದಂತೆ ಹದಮಾಡುವ ಒಂದು ಪಾಕವನ್ನು 1886ರಲ್ಲಿ ಕೊಟ್ಟದ್ದೂ ಎರ್ಲಿಕ್. ಅದು ಇಂದಿಗೂ ಅವನ ಹೆಸರಿನಲ್ಲೇ ಇದೆ.

ಊರಿನ ಅಕ್ಕತಂಗಿಯರಿಗೆ ಒಂದು ಮಾತು. 30 ದಾಟಿದ ಹೆಂಗಸರಿಗೆ ಗರ್ಭಕೋಶದ ಕೊರಳನ್ನು ಪರೀಕ್ಷಿಸುವ ವ್ಯವಸ್ಥೆ ಸರ್ಕಾರಿ ಕಾರ್ಯಕ್ರಮದಲ್ಲೇ ಇದೆ. ವಿನಿಗರ್‌ನಂಥ ಆಮ್ಲ ಹಚ್ಚಿ ಬಿಳಿಚಿಕೊಳ್ಳುತ್ತದೆಯೇ ಎಂದು ನೋಡುತ್ತಾರೆ, ಕೆಲವೇ ನಿಮಿಷದ ಕೆಲಸ. ಆಶಾ ಕಾರ್ಯಕರ್ತೆಯರನ್ನು ಕೇಳಿ. ನಾಚಿಕೆಗೆ ಆರು ತಿಂಗಳು ಕೊಡಬೇಡಿ.

ಮತ್ತೆ ಎರ್ಲಿಕ್ ಕಡೆಗೆ. ಆತ 1899ರಲ್ಲಿ ಫ್ರಾಂಕ್‌ಫರ್ಟಿಗೆ ಬಂದ. ಬ್ಯಾಂಕರ್ ಒಬ್ಬರ ವಿಧವೆ ಫ್ರಾಂಜಿಸ್ಕಾ ಸ್ಪೇಯರ್ ಎಂಬ ತಾಯಿ ಗಂಡನ ನೆನಪಿಗೆ ಕೊಟ್ಟ ಹಣದಿಂದ 1906ರಲ್ಲಿ ಅವನಿಗಾಗಿ ಇನ್ನೊಂದು ಸಂಸ್ಥೆಯೂ ಎದ್ದಿತು. ಕೋಣೆಯ ತುಂಬ ಪುಸ್ತಕ, ಪತ್ರಿಕೆಗಳ ರಾಶಿ. ಕುರ್ಚಿಯ ಮೇಲೂ ರಾಶಿ, ಬಂದವರು ನಿಂತೇ ಮಾತಾಡಬೇಕು. ಬಾಯಲ್ಲಿ ಸದಾ ಚುಟ್ಟಾ, ದಿನಕ್ಕೆ ಇಪ್ಪತ್ತೈದು ಎಂದು ಹೇಳುತ್ತಾರೆ, ಊಟದ ಕಡೆ ಗಮನವಿಲ್ಲ. ಜೇಬಿನಲ್ಲಿ ಬಣ್ಣಬಣ್ಣದ ಪೆನ್ಸಿಲ್. ಯೋಚನೆ ಬಂದರೆ ಅಂಗಿಯ ತೋಳು, ಮೇಜಿನ ಬಟ್ಟೆ, ಕೈಗೆ ಸಿಕ್ಕಿದ್ದರ ಮೇಲೆಲ್ಲ ಸೂತ್ರ ಬರೆಯುತ್ತಿದ್ದ. ಪ್ರತಿ ಸಹಾಯಕನಿಗೂ ಅಂದಿನ ಕೆಲಸವನ್ನು ಬಣ್ಣದ ಚೀಟಿಯಲ್ಲಿ ಬರೆದು ಕಳಿಸುತ್ತಿದ್ದ. ನಮ್ಮ ಕಂಪನಿಗಳಲ್ಲಿ ಗೋಡೆಗೆ ಬಣ್ಣದ ಚೀಟಿ ಅಂಟಿಸಿಕೊಂಡು ಕೆಲಸ ಹಂಚುವುದನ್ನು ಹೊಸ ವಿದ್ಯೆ ಎಂದು ಹೇಳಿಕೊಡುವವರು ಇದನ್ನು ಓದಬೇಕು! ಪತ್ತೇದಾರಿ ಕಾದಂಬರಿ ಎಂದರೆ ಪ್ರಾಣ.

ಮೈಗೆ ಹಾನಿಯಿಲ್ಲದೆ ರೋಗಾಣುವನ್ನು ಮಾತ್ರ ಹುಡುಕಿ ಹೊಡೆಯುವ ಮಂತ್ರದ ಗುಂಡು ಮಾಡಬೇಕೆಂಬುದು ಅವನ ದೊಡ್ಡ ಆಸೆ. ಪ್ರತಿಕಾಯ ಅಂಥ ಗುಂಡೇ, ಆದರೆ ಎಲ್ಲ ರೋಗಕ್ಕೂ ದೇಹ ಅದನ್ನು ಸಾಕಷ್ಟು ಮಾಡುವುದಿಲ್ಲ. ಹಾಗಾದರೆ ಕೈಯಾರೆ ಮಾಡೋಣ ಎಂದು ಆರ್ಸೆನಿಕ್, ಅಂದರೆ ಪಾಷಾಣ, ಇರುವ ನೂರಾರು ರಾಸಾಯನಿಕಗಳನ್ನು ಒಂದಾದ ಮೇಲೊಂದು ಮಾಡಿಸಿದ. 606ನೆಯ ನಂಬರಿನದನ್ನು 1907ರಲ್ಲಿ ಮಾಡಿದ್ದರೂ ಪ್ರಯೋಜನವಿಲ್ಲವೆಂದು ಸಹಾಯಕನೊಬ್ಬ ಬದಿಗೆ ಸರಿಸಿದ್ದ. 1909ರಲ್ಲಿ ಜಪಾನಿನಿಂದ ಹಾಟಾ ಎಂಬ ಯುವಕ ಬಂದ, ಕಿತಾಸಾಟೋ ಕಳಿಸಿದವನು. ಪರಂಗಿ ರೋಗವನ್ನು, ಅಂದರೆ ಸಿಫಿಲಿಸ್ ಅನ್ನು, ಮೊಲಗಳಲ್ಲಿ ಬರಿಸುವ ವಿದ್ಯೆ ಅವನಿಗೆ ಗೊತ್ತಿತ್ತು. ಹಳೆಯ ಸೀಸೆಗಳನ್ನೆಲ್ಲ ಮೊದಲಿಂದ ಪರೀಕ್ಷಿಸಲು ಎರ್ಲಿಕ್ ಹೇಳಿದ. ತಾಳ್ಮೆಯ ಹಾಟಾ 606ಕ್ಕೆ ಬಂದಾಗ ಮೊಲದ ಹುಣ್ಣು ಮಾಯಿತು.

1910ರಲ್ಲಿ ಸಾಲ್ವರ್ಸಾನ್ ಎಂಬ ಹೆಸರಿನಲ್ಲಿ ಅದು ಪೇಟೆಗೆ ಬಂತು. ಅದಕ್ಕೂ ಮುಂಚೆ ಸುಮಾರು 65,000 ಡೋಸುಗಳನ್ನು ವೈದ್ಯರಿಗೆ ಉಚಿತವಾಗಿ ಹಂಚಿ ಅವರ ಅನುಭವ ತರಿಸಿಕೊಂಡರು. ಮನುಷ್ಯರನ್ನು ಹುಚ್ಚರನ್ನಾಗಿಸಿ, ಹುಟ್ಟುವ ಕೂಸಿಗೂ ತಗುಲುವ ರೋಗಕ್ಕೆ ಅಲ್ಲಿಯವರೆಗೆ ಪಾದರಸವೇ ಮದ್ದಾಗಿತ್ತು. ಸಾಲ್ವರ್ಸಾನ್ ಅದಕ್ಕಿಂತ ಎಷ್ಟೋ ಮೇಲು. ಆದರೆ ಕೊಡುವ ಕ್ರಮ ಬಹಳ ಸೂಕ್ಷ್ಮ, ಗಾಳಿ ತಾಗಿದರೆ ಕೆಡುತ್ತಿತ್ತು, ತಪ್ಪಿದರೆ ಅಪಾಯ. ಕೆಲವರು ಸತ್ತರು, ಕೆಲವರು ಅಂಗ ಕಳೆದುಕೊಂಡರು. ಪ್ರತಿಯೊಂದು ಸಾವಿನ ಸುದ್ದಿಯೂ ಎರ್ಲಿಕ್‌ಗೆ ನಿದ್ದೆ ಕೆಡಿಸುತ್ತಿತ್ತು, ವೈದ್ಯರಿಗೆ ಕಾಗದ ಬರೆದು ವಿವರ ಕೇಳುತ್ತಿದ್ದ. 1912ರಲ್ಲಿ ಸುಲಭವಾಗಿ ಕರಗುವ 914 ನಂಬರಿನದನ್ನು ತಂದ. ಪತ್ರಕರ್ತನೊಬ್ಬ ಆತ ಬಲವಂತವಾಗಿ ಹೆಂಗಸರ ಮೇಲೆ ಮದ್ದಿನ ಪ್ರಯೋಗ ನಡೆಸಿದನೆಂದು ಹುಯಿಲೆಬ್ಬಿಸಿದ. 1914ರಲ್ಲಿ ಫ್ರಾಂಕ್‌ಫರ್ಟಿನ ನ್ಯಾಯಾಲಯ ಆರೋಪ ಹೊರಿಸಿದವನನ್ನೇ ಜೈಲಿಗೆ ಕಳಿಸಿತು. ಎರ್ಲಿಕ್ ಮಾತ್ರ ಆ ಪೆಟ್ಟಿನಿಂದ ಏಳಲಿಲ್ಲ.

ಅದೇ ವರ್ಷ ಮಹಾಯುದ್ಧ. ಜರ್ಮನಿಯ ಸೇನೆಯನ್ನು ಸಮರ್ಥಿಸಿ 93 ಪಂಡಿತರು ಹೊರಡಿಸಿದ ಹೇಳಿಕೆಗೆ ಎರ್ಲಿಕ್ ಕೂಡ ಸಹಿ ಹಾಕಿದ್ದ. ನನಗೆ ಇದು ಅವನ ಬದುಕಿನಲ್ಲಿ ಒಪ್ಪಿಗೆಯಾಗದ ಸಂಗತಿ, ಆದರೆ ಬಿಟ್ಟು ಬರೆಯುವುದು ಸರಿಯಲ್ಲ. 1915ರ ಆಗಸ್ಟ್ 20ರಂದು ವಿಶ್ರಾಂತಿಗೆಂದು ಹೋಗಿದ್ದ ಬಾದ್ ಹೋಂಬರ್ಗಿನಲ್ಲಿ ಹೃದಯಾಘಾತದಿಂದ ತೀರಿಕೊಂಡ. ವಯಸ್ಸು 61. ಫ್ರಾಂಕ್‌ಫರ್ಟಿನ ಯಹೂದಿ ಸ್ಮಶಾನದಲ್ಲಿ ಮಣ್ಣು ಮಾಡಿದರು.

ದೇಶಕ್ಕಾಗಿ ಸಹಿ ಹಾಕಿದವನನ್ನು ಆ ದೇಶ ಮುಂದೆ ನಡೆಸಿಕೊಂಡ ರೀತಿ ಹೀಗಿದೆ. ಹಿಟ್ಲರನ ಆಡಳಿತ ಬಂದಾಗ ಅವನ ಹೆಸರಿದ್ದ ಬೀದಿಯ ಫಲಕ ಕಿತ್ತರು. ಗಂಟಲುಮಾರಿಯಿಂದ ಉಳಿದ ಎಷ್ಟೋ ಮಕ್ಕಳು ಆಗ ನಡುವಯಸ್ಸಿನ ಗಂಡಸರಾಗಿ ಆ ಬೀದಿಯಲ್ಲೇ ಓಡಾಡುತ್ತಿದ್ದಿರಬೇಕು. ವಿಧವೆ ಹೆಡ್ವಿಗ್ ಮುಪ್ಪಿನಲ್ಲಿ ಮನೆಮಠ ಬಿಟ್ಟು ಮೊದಲು ಸ್ವಿಟ್ಜರ್ಲೆಂಡಿಗೆ, ಅಲ್ಲಿಂದ 1941ರಲ್ಲಿ ಅಮೆರಿಕಕ್ಕೆ ಹೋಗಬೇಕಾಯಿತು. ಅಲ್ಲಿಯೇ 1948ರಲ್ಲಿ ತೀರಿಕೊಂಡರು. ಯುದ್ಧ ಮುಗಿದ ಮೇಲೆ ಬೀದಿಗೆ ಹೆಸರು ಮರಳಿತು. ಎರ್ಲಿಕ್ ಕಟ್ಟಿದ ಹಳೆಯ ಸಂಸ್ಥೆಗೂ 1947ರಲ್ಲಿ ಅವನ ಹೆಸರಿಟ್ಟರು. ಜರ್ಮನಿಯ 200 ಮಾರ್ಕಿನ ನೋಟಿನ ಮೇಲೆ, ಯೂರೋ ಬರುವ ತನಕ, ಕನ್ನಡಕ ಹಾಕಿದ ಅವನ ಮುಖವಿತ್ತು. ಆ ಸಂಸ್ಥೆ ಈಗ ಫ್ರಾಂಕ್‌ಫರ್ಟಿನ ಹತ್ತಿರ ಲಾಂಗೆನ್ ಎಂಬ ಊರಿನಲ್ಲಿದೆ. ಆ ದೇಶದಲ್ಲಿ ಮಾರಾಟವಾಗುವ ಲಸಿಕೆಗಳನ್ನು ತಂಡತಂಡವಾಗಿ ಪರೀಕ್ಷಿಸಿ ಬಿಡುಗಡೆ ಮಾಡುವ ಕೆಲಸ ಅಲ್ಲಿ ನಡೆಯುತ್ತದೆ.